ನಟ್ಟು ಬೋಲ್ಟು: ನಿಂತ ರೋಲರ್ ಕೋಸ್ಟರ್, ಜಾತ್ರೆಯ ಜೈಂಟ್ ವೀಲ್

ಕಳೆದ ಸಂಚಿಕೆಯಲ್ಲಿ ಕಾಫಿ ಪಲ್ಪರಿನ ಬಗ್ಗೆ ಬರೆಯುವಾಗ, ಸುಂಟಿಕೊಪ್ಪಕ್ಕೆ ವಾಪಸ್ ಬಂದು ವರ್ಕ್‌ಶಾಪ್ ಹಾಕುವ ಮುಂಚೆ ನಾನು ಬಯಲುಸೀಮೆಯ ಒಂದು ಮೋಜಿನ ಪಾರ್ಕಿನಲ್ಲಿ ರೈಡ್ ಮೆಕ್ಯಾನಿಕ್ ಆಗಿದ್ದೆ ಅಂತ ಒಂದು ಸಾಲು ಬರೆದಿದ್ದೆ. ಅಷ್ಟೇ ಸಾಕಾಯಿತು. ಈ ಸಲದ ಪತ್ರಗಳಲ್ಲಿ ಪಂಪ್‌ಸೆಟ್ ಇಲ್ಲ, ಸ್ಪ್ರಿಂಕ್ಲರ್ ಇಲ್ಲ. ಎಲ್ಲರಿಗೂ ರೋಲರ್ ಕೋಸ್ಟರೇ ಬೇಕು. ಆಗಲಿ.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ರೋಲರ್ ಕೋಸ್ಟರ್ ಏರು ಹತ್ತುವಾಗ ಅರ್ಧದಲ್ಲೇ ನಿಂತುಬಿಟ್ಟಿತು. ಮುಖ ಆಕಾಶಕ್ಕೆ, ಬೆನ್ನು ಕೆಳಕ್ಕೆ. ಸುಮಾರು ಹೊತ್ತಾದ ಮೇಲೆ ಪಕ್ಕದ ಮೆಟ್ಟಿಲಲ್ಲಿ ಇಳಿಸಿದರು. ಸರಪಳಿ ತುಂಡಾಗಿ ಹಿಂದಕ್ಕೆ ಜಾರಿದ್ದರೆ ಗತಿ ಏನು? ಮಗಳು ಈಗ ಆಸ್ಪತ್ರೆಯ ಲಿಫ್ಟ್ ಹತ್ತಲೂ ಹೆದರುತ್ತಾಳೆ.
— ಓದುಗಿ, ನಾಪೋಕ್ಲು

ಸರಪಳಿ ತುಂಡಾದರೂ ಗಾಡಿ ಹಿಂದಕ್ಕೆ ಜಾರುವುದಿಲ್ಲ. ಮಗಳಿಗೆ ಮೊದಲು ಇದನ್ನು ಹೇಳಿ, ಉಳಿದದ್ದು ಆಮೇಲೆ.

ಏರು ಹತ್ತುವಾಗ ಟಕ್ ಟಕ್ ಟಕ್ ಅಂತ ಸದ್ದು ಬರುತ್ತಲ್ಲ, ಅದನ್ನು ಎಲ್ಲರೂ ಸರಪಳಿಯ ಸದ್ದು ಅಂದುಕೊಳ್ಳುತ್ತಾರೆ. ಅಲ್ಲ. ಗಾಡಿಯ ಹೊಟ್ಟೆಯ ಕೆಳಗೆ ಒಂದು ಉಕ್ಕಿನ ತುಂಡು ಜೋತುಬಿದ್ದಿರುತ್ತದೆ. ನಾವು ಅದಕ್ಕೆ ಡಾಗ್ ಅನ್ನುತ್ತಿದ್ದೆವು. ಹಳಿಯ ಪಕ್ಕದಲ್ಲಿ ಉದ್ದಕ್ಕೂ ಹಲ್ಲಿನ ಪಟ್ಟಿ. ಹಲ್ಲುಗಳೆಲ್ಲ ಒಂದೇ ಕಡೆಗೆ ಓರೆ. ಗಾಡಿ ಮೇಲೆ ಹೋದಂತೆ ಡಾಗ್ ಒಂದೊಂದೇ ಹಲ್ಲನ್ನು ಹತ್ತಿ ಆಚೆ ಬೀಳುತ್ತದೆ. ಬಿದ್ದಾಗಲೆಲ್ಲ ಟಕ್. ಹಿಂದಕ್ಕೆ ಬರಲು ಹೋದರೆ ಹಲ್ಲಿಗೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಕರೆಂಟ್ ಬೇಡ, ಕಂಪ್ಯೂಟರ್ ಬೇಡ, ತನ್ನ ಭಾರವೇ ಸಾಕು. ಸವೆದ ಡಾಗನ್ನು ಬಿಚ್ಚಿ ಕೈಯಲ್ಲಿ ಹಿಡಿದರೆ ಮೂತಿ ಬೆಳ್ಳಗೆ ಹೊಳೆಯುತ್ತಿರುತ್ತದೆ, ಅಂಚು ಗುಂಡಗಾಗಿರುತ್ತದೆ, ಬೆರಳಿಗೆ ಗ್ರೀಸೂ ಕಬ್ಬಿಣದ ಪುಡಿಯೂ ಕಲೆತ ಕಪ್ಪು ಹತ್ತುತ್ತದೆ. ಸೋಪಿಗೆ ಹೋಗುವುದಿಲ್ಲ ಆ ಕಪ್ಪು. ಅಂಚು ಗುಂಡಗಾಯಿತು ಅಂದರೆ ಹೊಸದು ಹಾಕಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಇಂಥ ಹಳಿಯ ಕತೆ ಹಳೆಯದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1827ರಲ್ಲಿ ಮಾಕ್ ಚಂಕ್ ಅನ್ನುವ ಊರಲ್ಲಿ ಕಲ್ಲಿದ್ದಲು ಇಳಿಸಲು ಒಂದು ಹಳಿ ಹಾಕಿದರು. ಕಲ್ಲಿದ್ದಲಿನ ಗಾಡಿಗಳು ಇಳಿಜಾರಿನಲ್ಲಿ ತಾವೇ ಇಳಿಯುತ್ತಿದ್ದವು. ಖಾಲಿ ಗಾಡಿಗಳನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆಯುತ್ತಿದ್ದವು. ತಮಾಷೆ ಏನಪ್ಪಾ ಅಂದರೆ, ಇಳಿಯುವಾಗ ಕತ್ತೆಗಳಿಗೂ ಒಂದು ಗಾಡಿ ಇತ್ತು. ಆಮೇಲೆ ಎಂಜಿನ್ ಬಂತು, ಕಲ್ಲಿದ್ದಲಿಗೆ ಬೇರೆ ದಾರಿಯಾಯಿತು. ಜನ ಮಾತ್ರ ದುಡ್ಡು ಕೊಟ್ಟು ಅದೇ ಹಳಿಯಲ್ಲಿ ಜಾರಲು ಬಂದರು. ಅದನ್ನು ನೋಡಿ ಥಾಂಪ್ಸನ್ ಅನ್ನುವವರು 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಮೋಜಿಗೆಂದೇ ಒಂದು ರೈಲು ಕಟ್ಟಿದರು. ಟಿಕೆಟ್ 5 ಸೆಂಟ್, ವೇಗ ಗಂಟೆಗೆ 10 ಕಿಲೋಮೀಟರ್ ಆಸುಪಾಸು. ನಮ್ಮ ಹುಡುಗರು ಸೈಕಲ್‌ನಲ್ಲಿ ಅದಕ್ಕಿಂತ ಜೋರಾಗಿ ಇಳಿಯುತ್ತಾರೆ.

ಇನ್ನು ನಿಂತಿದ್ದು ಯಾಕೆ? ಹೆಚ್ಚಿನ ಸಲ ಕಾರಣ ಸಣ್ಣದೇ. ಹಳಿಯನ್ನು ತುಂಡು ತುಂಡಾಗಿ ಹಂಚಿರುತ್ತಾರೆ. ಒಂದೊಂದು ತುಂಡಿಗೆ ಬ್ಲಾಕ್ ಅನ್ನುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ, ಇದು ಕಾನೂನು. ಮುಂದಿನ ಬ್ಲಾಕ್ ಖಾಲಿಯಾಯಿತು ಅಂತ ಸೆನ್ಸರ್ ಹೇಳುವವರೆಗೆ ಹಿಂದಿನ ಗಾಡಿಯನ್ನು ಕಂಟ್ರೋಲ್ ಬಿಡುವುದಿಲ್ಲ. ಕೆಳಗಡೆ ಯಾರಿಗೋ ತಲೆಸುತ್ತು ಬಂದು ಇಳಿಯಲು ತಡವಾದರೂ ಸರಿ, ಸೆನ್ಸರ್ ಮೇಲೆ ಕಸ ಕೂತರೂ ಸರಿ, ಒಂದು ಕ್ಷಣ ವೋಲ್ಟೇಜ್ ಇಳಿದರೂ ಸರಿ, ಮೇಲೆ ಹತ್ತುತ್ತಿದ್ದ ಗಾಡಿ ನಿಲ್ಲುತ್ತದೆ. ಅನುಮಾನ ಬಂದರೆ ನಿಲ್ಲಿಸು ಅನ್ನುವುದೊಂದೇ ಅದಕ್ಕೆ ಕಲಿಸಿರುವುದು. ಏರಿನ ಪಕ್ಕದಲ್ಲಿ ಮೆಟ್ಟಿಲು ಕಟ್ಟಿರುವುದೂ ಅದಕ್ಕೇ. ನೀವು ನಿಂತ ಜಾಗ ನಿಲ್ಲಿಸಲೆಂದೇ ಮಾಡಿದ ಜಾಗ.

ಕರೆಂಟ್ ಹೋದರೆ ಬ್ರೇಕ್ ಹಿಡಿಯುತ್ತಾ ಅಂತಲೂ ಪತ್ರದ ಕೊನೆಗೆ ಕೇಳಿದ್ದೀರಿ. ಹಿಡಿಯುತ್ತದೆ. ಸಂಪಾಜೆ ಘಾಟಿ ಇಳಿಯುವ ಲಾರಿಯವರನ್ನು ಕೇಳಿ ನೋಡಿ. ಗಾಳಿ ತುಂಬದೆ ಲಾರಿಯ ಪಾರ್ಕಿಂಗ್ ಬ್ರೇಕ್ ಬಿಡುವುದೇ ಇಲ್ಲ, ಯಾಕೆಂದರೆ ಅಲ್ಲಿ ಸ್ಪ್ರಿಂಗ್ ಬ್ರೇಕ್ ಹಿಡಿಯುತ್ತದೆ, ಗಾಳಿ ಅದನ್ನು ಬಿಡಿಸುತ್ತದೆ. ಕೋಸ್ಟರಿನ ಗಾಳಿ ಬ್ರೇಕೂ ಅದೇ ಲೆಕ್ಕ. ಹೊಸ ಕೋಸ್ಟರುಗಳಲ್ಲಿ ಮ್ಯಾಗ್ನೆಟ್ ಬ್ರೇಕ್ ಇರುತ್ತದೆ. ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ ರೆಕ್ಕೆ ಆಯಸ್ಕಾಂತಗಳ ನಡುವೆ ಹಾದರೆ ಸಾಕು, ವೇಗ ತಾನಾಗಿ ಇಳಿಯುತ್ತದೆ. ಎಲ್ಲೂ ಉಜ್ಜುವುದಿಲ್ಲ, ಹಾಗಾಗಿ ಮಳೆಯಲ್ಲಿ ನೆನೆದರೂ ಕೆಲಸ ಕೆಡುವುದಿಲ್ಲ.

ಮಗಳನ್ನು ಬಲವಂತ ಮಾಡಬೇಡಿ. ಮುಂದಿನ ಸಲ ಹೋದಾಗ ಕೆಳಗೆ ನಿಂತು ಆ ಟಕ್ ಟಕ್ ಸದ್ದು ಕೇಳಿಸಿ, ಅಷ್ಟೇ. ಅವಳಿಗೆ ಹತ್ತಬೇಕು ಅನ್ನಿಸಿದರೆ ಅವಳೇ ಕೇಳುತ್ತಾಳೆ.

ರಿಪೇರಿ ಆದಮೇಲೂ ಒಂದೆರಡು ಸುತ್ತು ಖಾಲಿ ಓಡಿಸುತ್ತಾರೆ. ಕ್ಯೂನಲ್ಲಿ ನಿಂತವರ ಕಾಲು ನೋಯುತ್ತಿರುತ್ತದೆ. ಇದು ಸುಮ್ನೆ ಶೋ ಅಲ್ವಾ?
— ಓದುಗ, ಸಿದ್ದಾಪುರ

ಶೋ ಅಲ್ಲ ಸ್ವಾಮಿ. ನನ್ನ ಕೇಳಿದರೆ, ಗಾಡಿ ನಿಂತಾಗ ಹೆದರಬೇಕಿಲ್ಲ. ನಿಂತದ್ದನ್ನು ಅವಸರದಲ್ಲಿ ಮತ್ತೆ ಹೊರಡಿಸುತ್ತಾರಲ್ಲ, ಆಗ ಹೆದರಬೇಕು.

ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ ಸ್ಮೈಲರ್ ಅಂತ ಒಂದು ಕೋಸ್ಟರ್ ಇದೆ. 2013ರಲ್ಲಿ ಶುರುವಾದದ್ದು. 14 ಸಲ ತಲೆಕೆಳಗು ಮಾಡುತ್ತದೆ, ಅದೇ ಒಂದು ದಾಖಲೆ. 2015ರ ಜೂನ್ 2ರಂದು ಅಲ್ಲಿ ಜೋರು ಗಾಳಿ. ಒಂದು ಖಾಲಿ ಗಾಡಿಯನ್ನು ಟೆಸ್ಟಿಗೆ ಬಿಟ್ಟರು. ಅದು ಸುತ್ತು ಮುಗಿಸಲಾಗದೆ ಎರಡು ಏರುಗಳ ನಡುವಿನ ತಗ್ಗಿನಲ್ಲಿ ನಿಂತುಬಿಟ್ಟಿತು. ಹಿಂದಿನ ಗಾಡಿಯಲ್ಲಿ 16 ಜನ ಕೂತಿದ್ದರು. ಮುಂದೆ ದಾರಿ ಖಾಲಿ ಇಲ್ಲ ಅಂತ ಕಂಪ್ಯೂಟರ್ ಅವರನ್ನು ಏರಿನ ಮೇಲೇ ತಡೆದು ನಿಲ್ಲಿಸಿತು. ಸರಿಯಾಗಿಯೇ ನಿಲ್ಲಿಸಿತು! ಆದರೆ ಖಾಲಿ ಗಾಡಿ ಅಲ್ಲಿ ನಿಂತಿರುವುದು ಕೆಲಸದವರಿಗೆ ಗೊತ್ತಿರಲಿಲ್ಲ. ಕಂಪ್ಯೂಟರಿಗೇ ಏನೋ ಆಗಿದೆ ಅಂದುಕೊಂಡು ತಡೆಯನ್ನು ಕೈಯಿಂದ ತೆಗೆದು ಗಾಡಿ ಬಿಟ್ಟರು. ಅದು ಹೋಗಿ ಗುದ್ದಿತು. ಇಬ್ಬರು ಹುಡುಗಿಯರ ಕಾಲು ಕತ್ತರಿಸಬೇಕಾಯಿತು. ಮರುವರ್ಷ ಕೋರ್ಟು ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು.

ನಾನಿದ್ದ ಕಡೆಯೂ ಭಾನುವಾರ ಕ್ಯೂ ಉದ್ದವಾದರೆ ಮೇಲಿನವರಿಂದ ಫೋನ್ ಬರುತ್ತಿತ್ತು: "ಎಷ್ಟೊತ್ತು ರೀ?" ನಮ್ಮ ಹಿರಿಯ ಫೋರ್‌ಮನ್ ಫೋನ್ ಎತ್ತಿ ಟೇಬಲ್ ಮೇಲೆ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಹಳಿ ಪೂರ್ತಿ ಕಣ್ಣಲ್ಲಿ ನೋಡಿ, ಗಾಡಿಗಳನ್ನು ಎಣಿಸಿ, ಖಾಲಿ ಸುತ್ತು ಎರಡೂ ಸರಿಹೋದ ಮೇಲೇ ಫೋನ್ ಕಿವಿಗೆ. ಆ ಕಡೆಯವರು ಅಷ್ಟೊತ್ತಿಗೆ ಇಟ್ಟುಬಿಟ್ಟಿರುತ್ತಿದ್ದರು ಅನ್ನಿ.

ತಲೆಕೆಳಗಾಗಿ ನಿಂತುಹೋದರೆ? ಮೊಬೈಲಲ್ಲಿ ಅಂಥ ವಿಡಿಯೋ ನೋಡಿದ್ದೇನೆ.
— ಕಾಲೇಜು ವಿದ್ಯಾರ್ಥಿ, ಸೋಮವಾರಪೇಟೆ

ನೀವು ನೋಡಿದ್ದು ಬಹುಶಃ 2023ರ ಜುಲೈಯದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಂದು ಜಾತ್ರೆಯಂಥ ಉತ್ಸವ. ಫೈರ್‌ಬಾಲ್ ಅನ್ನುವ ರೈಡು 8 ಜನರನ್ನು ತಲೆಕೆಳಗಾಗಿಸಿಕೊಂಡು ನಿಂತಿತು. ಎಲ್ಲರನ್ನೂ ಇಳಿಸಲು 3 ಗಂಟೆಗೂ ಜಾಸ್ತಿ ಹಿಡಿಯಿತು. ಅದು ಬಯಲಲ್ಲಿ ಬಿಚ್ಚಿ ಕಟ್ಟುವ, ಒಂದೇ ಗುಂಡು ಹಳಿಯಲ್ಲಿ ಸುತ್ತುವ ರೈಡ್.

ದೊಡ್ಡ ಕೋಸ್ಟರಿನಲ್ಲಿ ತಲೆಕೆಳಗು ಮಾಡುವ ಸುತ್ತಿಗೆ ಲೂಪ್ ಅನ್ನುತ್ತಾರೆ. ಅದರ ನೆತ್ತಿಯಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಅಲ್ಲಿ ಬ್ರೇಕೂ ಇಲ್ಲ, ಸರಪಳಿಯೂ ಇಲ್ಲ. ವೇಗ ಸಾಲದಿದ್ದರೆ ಗಾಡಿ ಮುಂದಕ್ಕೋ ಹಿಂದಕ್ಕೋ ಜಾರಿ ತಗ್ಗಿನಲ್ಲಿ ತೂಗಾಡಿ ನಿಲ್ಲುತ್ತದೆ. ಗಾಡಿ ಹಳಿ ಬಿಟ್ಟು ಉದುರುವುದೂ ಇಲ್ಲ. ಚಕ್ರ ಹಳಿಯ ಮೇಲೆ ಮಾತ್ರ ಇರುವುದಲ್ಲ, ಪಕ್ಕದಲ್ಲೂ ಅಡಿಯಲ್ಲೂ ಇರುತ್ತದೆ. ಅಡಿ ಚಕ್ರಕ್ಕೆ ಜಾನ್ ಮಿಲ್ಲರ್ ಅನ್ನುವ ಎಂಜಿನಿಯರ್ 1919ರಲ್ಲೇ ಪೇಟೆಂಟ್ ಪಡೆದಿದ್ದರು. ಕರೆಂಟ್ ಹೋದರೆ ತೊಡೆಯ ಮೇಲಿನ ಬಾರ್ ಕೂಡ ಲಾಕ್ ಆಗಿಯೇ ಇರುತ್ತದೆ.

ಲೂಪು ಪೂರ್ತಿ ದುಂಡಗೆ ಯಾಕಿಲ್ಲ ಅಂತ ಗಮನಿಸಿದ್ದೀರಾ? ಮೇಲೆ ಕಿರಿದು, ಕೆಳಗೆ ಅಗಲ. 1890ರ ದಶಕದಲ್ಲಿ ಕೋನಿ ಐಲೆಂಡಿನಲ್ಲಿ ದುಂಡು ಲೂಪ್ ಮಾಡಿದ್ದರು. ಒಳಹೋಗುವಾಗಲೇ ಒಮ್ಮೆಲೇ ಎಳೆತ ಬಿದ್ದು ಜನರ ಕತ್ತು ಉಳುಕುತ್ತಿತ್ತು. ಈಗಿನ ಆಕಾರದ ಲೂಪ್ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂತು.

ನಮ್ಮೂರ ದಸರಾಕ್ಕೂ ಜಾತ್ರೆಗೂ ಬರುವ ಜೈಂಟ್ ವೀಲ್, ಕೊಲಂಬಸ್ ಇವೆಲ್ಲ ನಂಬಬಹುದಾ? ಮೊಮ್ಮಕ್ಕಳು ಬಿಡುವುದಿಲ್ಲ.
— ಓದುಗರು, ಗೋಣಿಕೊಪ್ಪ

ಎಲ್ಲವನ್ನೂ ನಂಬಿ ಅನ್ನಲಾರೆ, ಯಾವುದನ್ನೂ ಹತ್ತಬೇಡಿ ಅಂತಲೂ ಅನ್ನಲಾರೆ. ಟಿಕೆಟ್ ತೆಗೆಯುವ ಮುಂಚೆ ಒಂದು ಸುತ್ತು ಹಾಕಿ. ಮೇಲೆ ನೋಡಬೇಡಿ, ಮೇಲೆ ಬರೀ ಲೈಟು. ಬುಡ ನೋಡಿ.

ಕಾಲುಗಳ ಅಡಿಗೆ ಮರದ ದಿಮ್ಮಿ ಇಟ್ಟಿರುತ್ತಾರೆ. ಅದು ತಪ್ಪಲ್ಲ, ನೆಲ ಸಮ ಮಾಡಲು ಬೇಕು. ಆದರೆ ದಿಮ್ಮಿ ಅಗಲವಾಗಿರಬೇಕು, ಒಂದರ ಮೇಲೊಂದು ಅಡ್ಡಡ್ಡ ಕೂತಿರಬೇಕು. ಒಡೆದ ಇಟ್ಟಿಗೆ, ಕಲ್ಲಿನ ಚೂರು ತುರುಕಿದ್ದರೆ ವಾಪಸ್ ಬನ್ನಿ. ನಮ್ಮ ಕಡೆ ದಸರಾ ಹೊತ್ತಿಗೂ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಬೆಳಿಗ್ಗೆ ಗಟ್ಟಿಯಿದ್ದ ಮಣ್ಣು ಸಂಜೆಯ ಮಳೆಗೆ ಮೆತ್ತಗಾಗುತ್ತದೆ. ಚಕ್ರ ತಿರುಗುವಾಗ ದಿಮ್ಮಿಯ ಪಕ್ಕ ಕೆಸರು ನೀರು ಪಿಚಕ್ ಅಂತ ಚಿಮ್ಮುತ್ತಿದ್ದರೆ ಆ ಕಾಲು ಕುಣಿಯುತ್ತಿದೆ ಅಂತಲೇ ಲೆಕ್ಕ. ಅವತ್ತು ಮಕ್ಕಳಿಗೆ ಚುರುಮುರಿ ಕೊಡಿಸಿ ಮನೆಗೆ ನಡೆಯಿರಿ.

ಆಮೇಲೆ ಪಿನ್ನು. ತೊಟ್ಟಿಲು ತೂಗುವ ಕಡೆ, ತೋಳು ಸೇರುವ ಕಡೆ ದಪ್ಪ ಪಿನ್ ಇರುತ್ತದೆ. ಅದು ಜಾರದಂತೆ ತುದಿಯಲ್ಲಿ ಒಂದು ಸಣ್ಣ ಕ್ಲಿಪ್. ಆ ಕ್ಲಿಪ್ಪಿನ ಜಾಗದಲ್ಲಿ ಬೈಂಡಿಂಗ್ ತಂತಿ ಸುತ್ತಿದ್ದರೆ, ಅಥವಾ ಮೊಳೆ ಬಗ್ಗಿಸಿ ಹಾಕಿದ್ದರೆ, ಉಳಿದದ್ದನ್ನು ನೋಡುವ ಕೆಲಸವೇ ಇಲ್ಲ. ತೊಟ್ಟಿಲಿನ ಬಾಗಿಲಿಗೆ ಹಗ್ಗ ಕಟ್ಟಿದ್ದರೂ ಅಷ್ಟೇ.

ಮೂರನೆಯದು ಆಪರೇಟರ್. ಒಳ್ಳೆಯವನು ಜನರನ್ನು ಸಾಲಾಗಿ ತುಂಬುವುದಿಲ್ಲ. ಇಲ್ಲಿ ಒಂದು ತೊಟ್ಟಿಲು ತುಂಬಿದರೆ ಅರ್ಧ ಸುತ್ತು ತಿರುಗಿಸಿ ಅದರ ಎದುರಿನದನ್ನು ತುಂಬುತ್ತಾನೆ. ಭಾರ ಒಂದೇ ಕಡೆಯಾದರೆ ಚಕ್ರ ಅವನ ಮಾತು ಕೇಳುವುದಿಲ್ಲ, ತಾನೇ ಓಡುತ್ತದೆ. "ಬೇಗ ಹತ್ರೀ, ಬೇಗ ಹತ್ರೀ" ಅಂತ ಸಿಕ್ಕಿದ್ದಕ್ಕೆ ತುಂಬುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಜನರೇಟರ್ ನಿಂತಾಗ ಮೇಲಿರುವವರನ್ನು ಕೈಯಿಂದ ಸಾವಕಾಶವಾಗಿ ಇಳಿಸಲು ಆಗುವುದೂ ಭಾರ ಸಮ ಇದ್ದರೆ ಮಾತ್ರ.

ಹೆಣ್ಣುಮಕ್ಕಳಿಗೆ ಒಂದು ಮಾತು. ಕೂದಲು ಬಿಟ್ಟುಕೊಂಡು, ದುಪಟ್ಟಾ ಹಾರಿಬಿಟ್ಟು ಯಾವ ಸುತ್ತುವ ರೈಡನ್ನೂ ಹತ್ತಬೇಡಿ. ಗಂಟು ಹಾಕಿ, ಒಳಗೆ ಸಿಗಿಸಿ. ಅಜ್ಜನ ಉಪದೇಶ ಅಂತ ನಗಬಹುದು. ಆದರೆ ನಮ್ಮ ದೇಶದಲ್ಲಿ ಹೀಗೆ ಜೀವ ಹೋಗಿರುವುದು ಉಂಟು.

ನೋಡಿದ್ದನ್ನು ಹೇಳಲು ಸಂಕೋಚ ಬೇಡ. 2023ರ ಜೂನ್ ಕೊನೆಯಲ್ಲಿ ಅಮೆರಿಕದ ಕ್ಯಾರೊವಿಂಡ್ಸ್ ಪಾರ್ಕಿನಲ್ಲಿ ಫ್ಯೂರಿ 325 ಅನ್ನುವ ಕೋಸ್ಟರಿನ ಕಂಬ ಬಿರುಕು ಬಿಟ್ಟು ಅಲ್ಲಾಡುತ್ತಿತ್ತು. ಸುಮಾರು 99 ಮೀಟರ್ ಎತ್ತರದ ಕೋಸ್ಟರ್ ಅದು. ಬಿರುಕನ್ನು ಕಂಡು ವಿಡಿಯೋ ಮಾಡಿ ತಿಳಿಸಿದ್ದು ಒಬ್ಬ ಸಾಮಾನ್ಯ ಗಿರಾಕಿ. ರೈಡ್ ನಿಲ್ಲಿಸಿ, ಕಂಬ ಬದಲಾಯಿಸಿ, ಪರೀಕ್ಷೆ ಮಾಡಿ ಆಮೇಲೆ ತೆರೆದರು. ಅಷ್ಟು ದೊಡ್ಡ ಪಾರ್ಕಿನಲ್ಲೇ ಹಾಗೆ, ನಮ್ಮ ಜಾತ್ರೆ ಮೈದಾನದಲ್ಲಿ ನಿಮ್ಮ ಎರಡು ಕಣ್ಣು ಜಾಸ್ತಿಯಾದರೆ ನಷ್ಟವೇನಿಲ್ಲ.

ಪಾರ್ಕಿನ ಕೆಲಸದಲ್ಲಿ ನಿಮಗೆ ಮರೆಯಲಾಗದ ದಿನ ಯಾವುದು?
— ನಿವೃತ್ತ ಶಿಕ್ಷಕಿ, ವಿರಾಜಪೇಟೆ

ಡಿಸೆಂಬರ್ ಅಂದರೆ ಶಾಲಾ ಟೂರ್‌ಗಳ ಕಾಲ. ಒಂದು ಮಧ್ಯಾಹ್ನ ಕೋಸ್ಟರ್ ಏರಿನ ಮೇಲೆ ನಿಂತಿತು. ತುದಿ ಮುಟ್ಟಲು ಇನ್ನು ಸ್ವಲ್ಪವೇ ಇತ್ತು. ಇಳಿಸುವ ಕೆಲಸ ನನ್ನದು. ಮೆಟ್ಟಿಲು ಹತ್ತುತ್ತಾ ನೋಡಿದರೆ ಆ ಸುಡು ಬಿಸಿಲಲ್ಲೂ ಅಷ್ಟೂ ಮಕ್ಕಳು ಸ್ವೆಟರ್ ತೊಟ್ಟುಕೊಂಡು ಕೂತಿವೆ! ಇವು ನಮ್ಮ ಕೊಡಗಿನವೇ ಅಂತ ಆಗಲೇ ಗೊತ್ತಾಯಿತು. "ಯಾವ ಕಡೆ ಮಕ್ಕಳೇ?" ಅಂದೆ. "ಶನಿವಾರಸಂತೆ ಅಂಕಲ್" ಅಂತ ಒಂದೇ ಸ್ವರ.

ಹಿಂದಿನ ಸೀಟಿನಲ್ಲಿ ಅವರ ಮೇಷ್ಟ್ರು. ಬಿಳಿ ಪಂಚೆಯ ಮೇಲೆ ಕೋಟು. ಮುಖ ಮಾತ್ರ ಪಂಚೆಗಿಂತ ಬೆಳ್ಳಗೆ. ಹೆದರಿದ್ದು ಮಕ್ಕಳಿಗೆ ಗೊತ್ತಾಗಬಾರದಲ್ಲ, ಅದಕ್ಕೆ ಅವರು ತಮಗೆ ಬರುವ ಕೆಲಸ ಶುರುಮಾಡಿದರು. ಹಾಜರಿ! ಪುಸ್ತಕ ಇಲ್ಲ, ಎಲ್ಲ ಬಾಯಿಪಾಠ. ಒಂದೊಂದೇ ಹೆಸರು ಕರೆಯುತ್ತಿದ್ದರು. "ಎಸ್ ಸಾರ್", "ಎಸ್ ಸಾರ್" ಅಂತ ಮುಂದಿನ ಸೀಟುಗಳಿಂದ ಉತ್ತರ ಬರುತ್ತಿತ್ತು. ಒಂದು ಹೆಸರಿಗೆ ಉತ್ತರವೇ ಇಲ್ಲ. ಇನ್ನೊಮ್ಮೆ ಕರೆದರು. ಮೇಲೆ ಎಲ್ಲರೂ ಗಪ್‌ಚುಪ್. ನನಗೂ ಎದೆ ಧಸಕ್ ಅಂತು. ಆಗ ಕೆಳಗಿನ ಕಟಾಂಜನದ ಹತ್ತಿರದಿಂದ ಗಂಟಲು ಹರಿಯುವಂತೆ ಒಂದು ಕೂಗು: "ಸಾರ್, ನಾನು ಹೆದ್ರಿ ಹತ್ಲೇ ಇಲ್ಲ ಸಾರ್!"

ಇಡೀ ಗಾಡಿ ನಕ್ಕಿತು. ಮೇಷ್ಟ್ರೂ ನಕ್ಕರು. ಆ ನಗುವಿನಲ್ಲೇ ಅರ್ಧ ಕೆಲಸ ಆಗಿಹೋಯಿತು. ಒಂದೊಂದು ಸೀಟಿನ ಬಾರ್ ಬೇರೆ ಬೇರೆ ಬಿಡಿಸಬೇಕು. ಒಬ್ಬರನ್ನು ಕೈಹಿಡಿದು ಮೆಟ್ಟಿಲಿಗೆ ತಂದ ಮೇಲೇ ಇನ್ನೊಬ್ಬರದು. ಮೆಟ್ಟಿಲು ಜಾಲರಿಯದ್ದು, ಕಾಲ ಕೆಳಗಿನ ಪಾತಾಳ ಪೂರ್ತಿ ಕಾಣುತ್ತದೆ. ಹಾಗಾಗಿ "ಕೆಳಗೆ ನೋಡ್ಬೇಡಿ, ಮುಂದಿನವರ ಬೆನ್ನು ನೋಡಿ" ಅಂತ ಹೇಳುತ್ತಾ ಇಳಿಸಿದೆ. ಕೊನೆಗೆ ಮೇಷ್ಟ್ರು. ನೆಲ ಮುಟ್ಟಿದ ಮೇಲೆ ಅವರು ಮೊದಲು ಮಾಡಿದ ಕೆಲಸ, ಆ ಹತ್ತದೇ ಉಳಿದ ಹುಡುಗನನ್ನು ಹುಡುಕಿ ಐಸ್‌ಕ್ರೀಂ ಕೊಡಿಸಿದ್ದು. ಉಳಿದವರು "ನಮಗೂ ಸಾರ್" ಅಂತ ಮುತ್ತಿಕೊಂಡರು. "ನೀವು ಆಗ್ಲೇ ತಿಂದ್ರಲ್ಲ, ಗಾಳಿ" ಅಂದರು. ಆಮೇಲೆ ಎಲ್ಲರಿಗೂ ಕೊಡಿಸಿದರು ಬಿಡಿ.

ಮುಂದಿನ ಸೀಟ್ ಒಳ್ಳೆಯದಾ, ಹಿಂದಿನದಾ?
— ಓದುಗ, ಕುಶಾಲನಗರ

ನೋಡಲು ಮುಂದಿನದು, ಹೊಟ್ಟೆ ಝುಂ ಅನ್ನಲು ಹಿಂದಿನದು. ಮುಂದಿನ ಭಾಗ ತುದಿ ದಾಟಿ ಇಳಿಯಲು ಶುರುಮಾಡಿದಾಗ ಹಿಂದಿನ ಡಬ್ಬಿ ಇನ್ನೂ ಮೇಲೇ ಇರುತ್ತದೆ. ಅದನ್ನು ಉಳಿದವು ಜೋರಾಗಿ ಎಳೆದು ತುದಿ ದಾಟಿಸುತ್ತವೆ. ಕೂತಲ್ಲಿಂದ ಎದ್ದಂತಾಗುವುದು ಅದಕ್ಕೇ. ಸೊಂಟ ನೋವು, ಕತ್ತು ನೋವು ಇದ್ದವರು ನಡುವೆ ಕೂತರೆ ಸಾಕು. ಗರ್ಭಿಣಿಯರು, ಹೃದಯದ ತೊಂದರೆ ಇದ್ದವರು ಯಾವ ಸೀಟಿನಲ್ಲೂ ಬೇಡ.

ನಮ್ಮ ಕೊಡಗಿನಲ್ಲಿ ಇಷ್ಟು ಬೆಟ್ಟ ಇದೆ. ಇಲ್ಲೇ ಯಾಕೆ ದೊಡ್ಡ ರೋಲರ್ ಕೋಸ್ಟರ್ ಮಾಡಬಾರದು?
— 7ನೇ ತರಗತಿ ವಿದ್ಯಾರ್ಥಿ, ಮಡಿಕೇರಿ

ಬೆಟ್ಟವನ್ನೇ ಏರು ಮಾಡಿಕೊಂಡು ಹಳಿ ಹಾಕುವ ಕೋಸ್ಟರ್ ಇದೆ ಪುಟ್ಟಾ. ಯುರೋಪಿನ ಆಲ್ಪ್ಸ್ ಬೆಟ್ಟಗಳ ಕಡೆ ಜಾಸ್ತಿ. ನೆಲಕ್ಕೆ ಹತ್ತಿರದಲ್ಲೇ ಹಳಿ, ಒಬ್ಬರೋ ಇಬ್ಬರೋ ಕೂರುವ ಪುಟ್ಟ ಗಾಡಿ, ಬ್ರೇಕ್ ನಿನ್ನ ಕೈಯಲ್ಲೇ. ಗಂಟೆಗೆ 40 ಕಿಲೋಮೀಟರ್ ಸುಮಾರು ಹೋಗುತ್ತದೆ. ಮರಗಳ ನಡುವೆ ಇಳಿಯುವುದು, ಮಜವಾಗಿರುತ್ತದೆ.

ನಮ್ಮಲ್ಲಿ ಬೇಕಾ ಅಂದರೆ ನಾನು ಬೇಡ ಅನ್ನುವವನು. ಹಳಿ ಹಾಕಲು ಬೆಟ್ಟ ಇದ್ದರೆ ಸಾಲದು, ಆ ಬೆಟ್ಟ ಅಲ್ಲೇ ನಿಂತಿರಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ರಸ್ತೆ, ಮನೆ, ತೋಟ ಎಲ್ಲ ಹೋದದ್ದನ್ನು ನಿನ್ನ ಮನೆಯವರನ್ನು ಕೇಳು, ಹೇಳುತ್ತಾರೆ. ಕೋಸ್ಟರಿನ ಹಳಿ ಒಂದು ಬೆರಳಷ್ಟು ಸರಿದರೂ ಓಡಿಸುವಂತಿಲ್ಲ. ಪ್ರತಿ ಮಳೆಗೂ ಒಂದೊಂದು ಕಂಬದ ಬುಡ ಅಳೆದು ನೋಡಬೇಕಾಗುತ್ತದೆ.

ಜಿಲ್ಲೆಗೆ ದೊಡ್ಡ ರೈಲೇ ಬಂದಿಲ್ಲ. ರೈಲು ಅಂದರೆ ನಮ್ಮ ಮಕ್ಕಳಿಗೆ ಒಂದು ಕಾಲದಲ್ಲಿ ರಾಜಾಸೀಟಿನ ಪುಟಾಣಿ ರೈಲೇ ಆಗಿತ್ತು. ಇನ್ನು ಕೋಸ್ಟರ್ ಹಾಕಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಗ. ಉಳಿದ ತಿಂಗಳಲ್ಲಿ ದುಡಿದು ಬ್ಯಾಂಕ್ ಸಾಲ ತೀರಿಸುವವರು ಯಾರು? ಅಷ್ಟು ದುಡ್ಡಿದ್ದವರು ಇಲ್ಲಿ ಹೋಂಸ್ಟೇ ಕಟ್ಟುತ್ತಾರೆ.